ಮರದಚ್ಚಿನ ಅಂಬಿಗನಿಗೆ ಹುಟ್ಟು ಹಾಕಿಸುವುದು ಹೇಗೆ?

ಪ್ರಶ್ನೆ: ಕೆಲವು ವರ್ಷಗಳಿಂದ ಕಪ್ಪು-ಬಿಳುಪು ವುಡ್‌ಕಟ್ ಮಾಡುತ್ತಿದ್ದೇನೆ, ಅಂದರೆ ಮರದ ಹಲಗೆ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಅಚ್ಚೊತ್ತುತ್ತೇನೆ. ರಾತ್ರಿ ಹೊತ್ತು ಹೊಳೆ ದಾಟಿಸುವ ಅಂಬಿಗನೊಬ್ಬನ ಕಥೆಯನ್ನು 12 ಪ್ರಿಂಟುಗಳಲ್ಲಿ ಮಾಡಿದ್ದೇನೆ. ಅದನ್ನೇ ಮೂರು ನಿಮಿಷದ ಅನಿಮೇಷನ್ ಮಾಡಬೇಕೆಂದಿದ್ದೇನೆ. ಪ್ರಿಂಟ್ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅಂಬಿಗನ ತೋಳು, ಹುಟ್ಟು ಕತ್ತರಿಸಿ ಅಲ್ಲಾಡಿಸಿದೆ. ಸತ್ತ ಗೊಂಬೆಯ ಹಾಗೆ ಕಂಡಿತು. ಎಂಟು ಭಂಗಿಗಳನ್ನು ಬೇರೆ ಬೇರೆ ಕೆತ್ತಿ ಓಡಿಸಿದರೆ ಕಣ್ಣು ನೋಯುವಷ್ಟು ಮಿಣುಕುತ್ತದೆ. ಎಲ್ಲವನ್ನೂ ಫ್ರೇಮ್ ಫ್ರೇಮಾಗಿ ಕೆತ್ತದೆ ದಾರಿಯಿಲ್ಲವೆ? ನನ್ನ ಬಳಿ ಎ4 ಸ್ಕ್ಯಾನರ್, ಚಿಕ್ಕ ಪ್ರೆಸ್, ಸಾಧಾರಣ ಕಂಪ್ಯೂಟರ್ ಇವೆ.

ಉತ್ತರ: ಫ್ರೇಮ್ ಫ್ರೇಮಾಗಿ ಕೆತ್ತಲು ಹೊರಟರೆ ಕಥೆಗಿಂತ ಮೊದಲು ನಿಮ್ಮ ಮಣಿಕಟ್ಟು ಮುಗಿಯುತ್ತದೆ. ಮೂರು ನಿಮಿಷ ಎಂದರೆ 180 ಸೆಕೆಂಡು. ಸೆಕೆಂಡಿಗೆ 24ರಂತೆ 4,320 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 2,160 ಚಿತ್ರ ಬೇಕು, ಮೂರು ಫ್ರೇಮ್ ನಿಲ್ಲಿಸಿದರೆ 1,440. ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೂ 720 ಗಂಟೆ. ನಿಮ್ಮ ಕಥೆಗೆ ಅಷ್ಟು ಬೇಡ. ಸುಮಾರು 27 ಬ್ಲಾಕ್ (ಕೆತ್ತಿದ ಹಲಗೆ), 130ರ ಆಸುಪಾಸು ಪ್ರಿಂಟ್ ಸಾಕು. ಆ ಲೆಕ್ಕವನ್ನು ಮುಂದೆ ಬಿಡಿಸಿ ಕೊಡುತ್ತೇವೆ. ಚಿತ್ರವನ್ನು ಮೂರು ಮೂರು ಫ್ರೇಮ್ ನಿಲ್ಲಿಸುವುದೇ ವುಡ್‌ಕಟ್ಟಿಗೆ ಒಗ್ಗುವ ನಡಿಗೆ. ದೊಡ್ಡ ಕಪ್ಪು ಹರವುಗಳನ್ನು ಓದಿಕೊಳ್ಳಲು ಕಣ್ಣಿಗೆ ಪೆನ್ಸಿಲ್ ಗೆರೆಗಿಂತ ಹೆಚ್ಚು ಹೊತ್ತು ಬೇಕು. ಭಂಗಿಗಳ ನಡುವೆ ಮತ್ತೆ ಮತ್ತೆ ಭಂಗಿ ತುರುಕಿದಷ್ಟೂ ಅದು ಮರದ ಗುಣ ಬಿಟ್ಟು ಎಣ್ಣೆ ಹಾಕಿದ ಯಂತ್ರದಂತೆ ಜಾರತೊಡಗುತ್ತದೆ.

ಮೊದಲು ಸತ್ತ ಗೊಂಬೆಯ ವಿಷಯ. ನಿಮ್ಮ ಪ್ರಿಂಟಿನಲ್ಲಿ ಅಂಬಿಗನ ತೋಳನ್ನು ಹತ್ತಿರದಿಂದ ನೋಡಿ. ಅದಕ್ಕೆ ಗುಂಡಗಿನ ಮೈ ಬಂದಿರುವುದು ಹೊರಗೆರೆಯಿಂದಲ್ಲ, ಉಳಿಯ ಗೆರೆಗಳಿಂದ. ಲಾಟೀನಿನ ಕಡೆಯಿಂದ ಹೊರಟ ಬಿಳಿ ಗೆರೆಗಳು ತೋಳಿನ ಅಂಚಿನಲ್ಲಿ ದಪ್ಪಗಿದ್ದು ಒಳಕ್ಕೆ ಹೋದಂತೆ ಸಪೂರವಾಗಿ ಕಪ್ಪಿನಲ್ಲಿ ಕರಗುತ್ತವೆ. ವುಡ್‌ಕಟ್ಟಿನಲ್ಲಿ ಬೆಳಕು ಎಂದರೆ ಉಳಿ ಹೋದ ದಿಕ್ಕು. ಆ ತೋಳನ್ನು ಕತ್ತರಿಸಿ 40 ಡಿಗ್ರಿ ತಿರುಗಿಸಿದಿರಿ ಎನ್ನಿ, ತೋಳಿನ ಜೊತೆ ಬೆಳಕೂ ತಿರುಗಿತು. ಲಾಟೀನು ಇದ್ದಲ್ಲೇ ಇದೆ, ತೋಳಿನ ಮೇಲಿನ ಬೆಳಕು ಮಾತ್ರ ಆಕಾಶದಿಂದ ಬೀಳುತ್ತಿದೆ. ನೋಡುವವರಿಗೆ ಏನು ತಪ್ಪಾಗಿದೆ ಎಂದು ಹೇಳಲು ಬರುವುದಿಲ್ಲ, ಆದರೆ ಅದು ಕತ್ತರಿಸಿದ ರಟ್ಟು ಎಂದು ತಕ್ಷಣ ಗೊತ್ತಾಗುತ್ತದೆ. ಕೀಲಿನ ಸಮಸ್ಯೆ ಇದಕ್ಕೆ ಸೇರಿಕೊಳ್ಳುತ್ತದೆ: ಮೊಣಕೈಯಲ್ಲಿ ಎರಡು ತುಂಡುಗಳ ಉಳಿಗೆರೆಗಳು ಒಂದಕ್ಕೊಂದು ಅಡ್ಡ ಬಿದ್ದು, ಅಲ್ಲಿ ಬಟ್ಟೆಯ ತೇಪೆಯಂಥ ಗುರುತು ಉಳಿಯುತ್ತದೆ.

ಆದ್ದರಿಂದ ಕತ್ತರಿಸಿದ ತುಂಡನ್ನು ಹತ್ತು ಡಿಗ್ರಿಗಿಂತ ಹೆಚ್ಚು ತಿರುಗಿಸಬೇಡಿ. ಅದಕ್ಕಿಂತ ದೊಡ್ಡ ಚಲನೆಗೆ ಹೊಸ ಭಂಗಿಯನ್ನು ಕೆತ್ತಲೇಬೇಕು. ಹಿಗ್ಗಿಸುವುದು, ಕುಗ್ಗಿಸುವುದಕ್ಕೂ ಇದೇ ಮಾತು. ಅಂಬಿಗ ದೂರ ಹೋದನೆಂದು ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ಅವನ ಮೈಮೇಲಿನ ಗೆರೆಗಳೂ ಅರ್ಧಕ್ಕೆ ಇಳಿಯುತ್ತವೆ. ಪಕ್ಕದ ಬಂಡೆಯ ಗೆರೆ ದಪ್ಪಗೇ ಇರುತ್ತದೆ. ಒಂದೇ ಚೌಕಟ್ಟಿನಲ್ಲಿ ಎರಡು ಉಳಿಗಳ ಲೋಕ! ಶೇಕಡ 10ರಿಂದ 15ರೊಳಗಿನ ಹಿಗ್ಗು-ಕುಗ್ಗು ಕಣ್ಣಿಗೆ ಬೀಳುವುದಿಲ್ಲ. ಅದರಾಚೆ ದೂರದ ಅಂಬಿಗನನ್ನು ಚಿಕ್ಕದಾಗಿಯೇ, ಕಡಿಮೆ ಗೆರೆಗಳಲ್ಲಿ ಬೇರೆ ಕೆತ್ತಿ. ಸಾಫ್ಟ್‌ವೇರ್ ಎರಡು ಭಂಗಿಗಳ ನಡುವೆ ತಾನೇ ತುಂಬಿಕೊಡುವ ನಯವಾದ ಚಲನೆಯನ್ನೂ ನಿಲ್ಲಿಸಿ. ಕೀಫ್ರೇಮುಗಳನ್ನೆಲ್ಲ (ನೀವೇ ಗುರುತಿಸಿಟ್ಟ ಭಂಗಿಗಳನ್ನು) ಹೋಲ್ಡ್ ಮಾಡಿ, ಮೂರು ಮೂರು ಫ್ರೇಮಿಗೆ ಒಂದೊಂದು ಹೆಜ್ಜೆಯಾಗಿ ಇಡಿ. ಮೋಷನ್ ಬ್ಲರ್, ಅಂದರೆ ಚಲಿಸುವುದನ್ನು ಮಸುಕಾಗಿಸುವುದು, ಅಂತೂ ಹತ್ತಿರಕ್ಕೂ ಬೇಡ.

ಹುಟ್ಟು ಹಾಕುವ ಶಾಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಸುತ್ತಿಗೆ 12 ಭಂಗಿ ಸಾಕು: ಎಳೆಯುವಾಗ ಐದು, ಮರಳಿ ತರುವಾಗ ಐದು, ಎರಡು ತುದಿಗಳಲ್ಲಿ ಒಂದೊಂದು. ನಡುವಿನ ಹತ್ತನ್ನು ಮೂರು ಮೂರು ಫ್ರೇಮ್ ನಿಲ್ಲಿಸಿದರೆ 30, ತುದಿಯ ಎರಡನ್ನು ಒಂಬತ್ತೊಂಬತ್ತು ಫ್ರೇಮ್ ನಿಲ್ಲಿಸಿದರೆ 18. ಒಟ್ಟು 48 ಫ್ರೇಮ್, ಅಂದರೆ ಎರಡು ಸೆಕೆಂಡು. ಆ ತುದಿಯ ತಡೆಯಲ್ಲೇ ನೀರಿನ ಭಾರ ಇರುವುದು. ಎಲ್ಲ ಭಂಗಿಗಳಿಗೂ ಒಂದೇ ಸಮಯ ಕೊಟ್ಟರೆ ಅವನು ಗಾಳಿಯಲ್ಲಿ ಕೋಲು ಬೀಸುತ್ತಿರುವಂತೆ ಕಾಣುತ್ತದೆ.

ಈ 12ಕ್ಕೆ 12 ಬ್ಲಾಕ್ ಬೇಡ. ಎ4 ಸ್ಕ್ಯಾನರಿನ ಗಾಜು 21×29.7 ಸೆಂ.ಮೀ. ಒಂದು ಹಲಗೆಯ ಮೇಲೆ 18×27 ಸೆಂ.ಮೀ. ಜಾಗ ಗುರುತಿಸಿ, ಅದನ್ನು 9 ಸೆಂ.ಮೀ.ಯ ಆರು ಚೌಕ ಮಾಡಿ. ಒಂದು ಚೌಕಕ್ಕೆ ಒಂದು ಭಂಗಿ, ಹೀಗೆ ಎರಡು ಹಲಗೆಯಲ್ಲಿ ಪೂರ್ತಿ ಸುತ್ತು. ಪ್ರತಿ ಚೌಕದ ಎರಡು ಎದುರುಬದುರು ಮೂಲೆಗಳಲ್ಲಿ 4 ಮಿ.ಮೀ. ಉದ್ದದ ಕೂಡುಗುರುತೊಂದನ್ನು (+) ಉಬ್ಬಾಗಿ ಉಳಿಸಿ; ಅದೂ ಚಿತ್ರದ ಜೊತೆಗೇ ಅಚ್ಚಾಗಬೇಕು. ಗುರುತುಗಳ ನಡುವಿನ ಅಂತರ ಆರೂ ಚೌಕಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಇದಕ್ಕಾಗಿ ರಟ್ಟಿನ ಒಂದೇ ಅಚ್ಚು ಮಾಡಿಕೊಂಡು ಆರು ಸಲ ಅದರಿಂದಲೇ ಗುರುತು ಹಾಕಿ, ಸ್ಕೇಲಿನಿಂದ ಆರು ಸಲ ಅಳೆಯಬೇಡಿ. ದೋಣಿಯ ಅಂಚು, ಅಂಬಿಗನ ಸೊಂಟದಂಥ ಅಲ್ಲಾಡದ ಭಾಗಗಳನ್ನು ಇದೇ ಗುರುತಿಗೆ ಹೊಂದಿಸಿ ಟ್ರೇಸ್ ಮಾಡಿ. ಆಮೇಲೆ ಒಂದೊಂದು ಹಲಗೆಯಿಂದ ಮೂರು ಮೂರು ಪ್ರಿಂಟ್ ತೆಗೆಯಿರಿ. ಆರು ಕಾಗದದಲ್ಲಿ 36 ಚಿತ್ರ ಕೈಗೆ ಬಂತು, ಅಂದರೆ ಮೂರು ಬೇರೆ ಬೇರೆ ಶಾಯಿಮೈ ಇರುವ ಮೂರು ಸುತ್ತು. 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆಯಂತೆ) ಸ್ಕ್ಯಾನ್ ಮಾಡಿದರೆ 9 ಸೆಂ.ಮೀ. ಚೌಕ ಸುಮಾರು 2,126 ಪಿಕ್ಸೆಲ್ ಆಗುತ್ತದೆ. 1920×1080ರ ಚೌಕಟ್ಟಿಗೆ ಬೇಕಾದಷ್ಟಾಯಿತು. ಆದರೆ ಹಿನ್ನೆಲೆಯ ಗೆರೆ ಮತ್ತು ಅಂಬಿಗನ ಗೆರೆ ಪರದೆಯ ಮೇಲೆ ಒಂದೇ ದಪ್ಪಕ್ಕೆ ಬರುವಂತೆ ಎರಡನ್ನೂ ಕಾಗದದ ಮೇಲೆ ಒಂದೇ ಅಳತೆಯಲ್ಲಿ ಯೋಚಿಸಿ ಕೆತ್ತಬೇಕು, ಕಂಪ್ಯೂಟರಿನಲ್ಲಿ ಹೊಂದಿಸುತ್ತೇನೆ ಎಂದುಕೊಳ್ಳಬಾರದು.

ರಾತ್ರಿಯ ಕಥೆಗೆ ಇನ್ನೊಂದು ತೊಡಕಿದೆ. ಕಪ್ಪು ಅಂಬಿಗ ಕಪ್ಪು ರಾತ್ರಿಯಲ್ಲಿ ಮುಳುಗಿಹೋಗುತ್ತಾನೆ. ಮುದ್ರಣ ಕಲೆಯಲ್ಲಿ ಇದಕ್ಕೆ ಹಳೆಯ ಉಪಾಯವೆಂದರೆ ಆಕೃತಿಯ ಸುತ್ತ ಬಿಳಿ ಗೆರೆ ಬಿಡುವುದು. ಅದನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಸ್ಟಿಕರ್ ಅಂಟಿಸಿದಂತೆ ಒಂದೇ ಸಮ ದಪ್ಪವಾಗಿ ಬರುತ್ತದೆ. ಹೀಗೆ ಮಾಡಿ: ಆಕೃತಿಯ ಸುತ್ತ ಒಂದೂವರೆಯಿಂದ ಎರಡು ಮಿ.ಮೀ. ಬಿಳಿಯನ್ನು ಉಳಿಯಿಂದಲೇ ತೆಗೆಯಿರಿ, ಅದರಾಚೆ 3 ಮಿ.ಮೀ. ಅಗಲದ ಕಪ್ಪು ಪಟ್ಟಿಯನ್ನು ಎಲ್ಲೂ ತುಂಡಾಗದಂತೆ ಉಳಿಸಿ, ಪಟ್ಟಿಯ ಹೊರಗಿನದ್ದನ್ನೆಲ್ಲ ಕೆತ್ತಿ ತೆಗೆದುಬಿಡಿ. ಕಂಪ್ಯೂಟರಿನಲ್ಲಿ ಹೊರಗಿನ ಬಿಳಿಯನ್ನು ಮಾಂತ್ರಿಕ ದಂಡದ ಉಪಕರಣದಿಂದ ಆಯ್ದು, ಆಯ್ಕೆಯನ್ನು ಪಟ್ಟಿಯ ನಡುಮಧ್ಯದವರೆಗೆ ಹಿಗ್ಗಿಸಿ, ತಿರುವುಮುರುವು ಮಾಡಿದರೆ ಮಾಸ್ಕ್ ಸಿದ್ಧ. ಉಳಿದ ಕಪ್ಪು ಪಟ್ಟಿ ರಾತ್ರಿಯ ಕಪ್ಪಿನೊಳಗೆ ಸೇರಿಹೋಗುತ್ತದೆ, ಉಳಿ ಬಿಟ್ಟ ಒರಟು ಬಿಳಿಯಂಚು ಹಾಗೇ ಉಳಿಯುತ್ತದೆ. ಪಟ್ಟಿ ಒಂದೇ ಒಂದು ಕಡೆ ತುಂಡಾದರೂ ಆಯ್ಕೆ ಒಳಕ್ಕೆ ನುಗ್ಗುತ್ತದೆ. ಆದ್ದರಿಂದ ಕೆತ್ತುವಾಗ ಕೊನೆಯಲ್ಲಿ ಒಮ್ಮೆ ಬೆರಳಾಡಿಸಿ ನೋಡಿಕೊಳ್ಳಿ.

ಈಗ ಮಿಣುಕು. ಮಿಣುಕುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿದ್ದೀರಿ, ಆದರೆ ಅದರಲ್ಲಿ ಮೂರು ಕಾಯಿಲೆಗಳಿರಬಹುದು, ಮೂರಕ್ಕೂ ಮದ್ದು ಬೇರೆ. ಎಂಟು ಚಿತ್ರಗಳನ್ನು ಒಂದರ ಮೇಲೊಂದು ಲೇಯರ್ ಮಾಡಿ, ಎರಡೆರಡನ್ನು ಮುಚ್ಚಿ ತೆರೆದು ನೋಡಿ. ಚಿತ್ರದ ಚೌಕಟ್ಟಿನ ಅಂಚೇ ಜಿಗಿಯುತ್ತಿದ್ದರೆ ಅದು ಸ್ಥಾನದ ತಪ್ಪು. ಅಂಚು ನಿಂತಿದ್ದು ಕಪ್ಪು ಮಾತ್ರ ಉಸಿರಾಡುವಂತೆ ದಟ್ಟ-ತೆಳು ಆಗುತ್ತಿದ್ದರೆ ಶಾಯಿಯ ತಪ್ಪು. ಎರಡೂ ಸ್ಥಿರವಿದ್ದು, ಅಲ್ಲಾಡಬಾರದ ದೋಣಿ, ಬಂಡೆಗಳ ಗೆರೆಗಳು ನಡುಗಿದರೆ ಅದು ಕೆತ್ತನೆಯದ್ದು: ಅಲ್ಲಾಡದ್ದನ್ನೂ ನೀವು ಎಂಟು ಸಲ ಹೊಸದಾಗಿ ಕೆತ್ತಿದ್ದೀರಿ.

ಮೂರನೆಯದರ ಮದ್ದು ಸುಲಭ. ಅಲ್ಲಾಡದ್ದನ್ನು ಒಂದೇ ಬ್ಲಾಕಿನಲ್ಲಿ, ಅಲ್ಲಾಡುವುದನ್ನು ಬೇರೆ ಬ್ಲಾಕಿನಲ್ಲಿ ಕೆತ್ತಿ. ಮೊದಲನೆಯದಕ್ಕೆ, ಅಂದರೆ ಸ್ಥಾನದ ತಪ್ಪಿಗೆ, ಶಿಸ್ತು ಬೇಕು. 27.2×15.3 ಸೆಂ.ಮೀ.ಯ ಬ್ಲಾಕ್ ಸರಿಯಾಗಿ 16:9 ಆಗುತ್ತದೆ, ಎ4 ಗಾಜಿನ ಮೇಲೂ ಕೂರುತ್ತದೆ. ಅದು 1920 ಪಿಕ್ಸೆಲ್ ಅಗಲಕ್ಕೆ ಇಳಿದಾಗ ಒಂದು ಮಿ.ಮೀ.ಗೆ ಏಳು ಪಿಕ್ಸೆಲ್ ಸಿಗುತ್ತದೆ. ಕಾಗದ ಅರ್ಧ ಮಿ.ಮೀ. ಆಚೀಚೆ ಬಿದ್ದರೆ ಪರದೆಯಲ್ಲಿ ಮೂರೂವರೆ ಪಿಕ್ಸೆಲ್ ಜಿಗಿತ. ಅಷ್ಟು ಸಾಕು ಕಣ್ಣಿಗೆ ಕುಕ್ಕಲು. ಜಪಾನೀ ಮುದ್ರಕರ ಕೆಂತೋ ಪದ್ಧತಿ, ಅಂದರೆ ಬ್ಲಾಕಿನ ಅಂಚಿನಲ್ಲೇ ಒಂದು ಮೂಲೆಗುರುತು, ಒಂದು ನೇರಗುರುತು ಕೆತ್ತಿ ಕಾಗದವನ್ನು ಅದಕ್ಕೆ ತಾಗಿಸಿ ಇಳಿಸುವುದು, ಕೈ ಪಳಗಿದವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ದಿನ 25 ಪ್ರಿಂಟ್ ತೆಗೆಯುವಾಗ ಗೂಟದ ಪದ್ಧತಿ ಇನ್ನೂ ಮೇಲು. ಕಚೇರಿಗಳಲ್ಲಿ ಬಳಸುವ ಎರಡು ತೂತಿನ ಪಂಚ್ 80 ಮಿ.ಮೀ. ಅಂತರದಲ್ಲಿ 6 ಮಿ.ಮೀ. ತೂತು ಮಾಡುತ್ತದೆ. ತೆಳು ಪ್ಲೈವುಡ್ಡಿನ ತಟ್ಟೆಯೊಂದಕ್ಕೆ ಬ್ಲಾಕ್ ಅಲುಗದಂತೆ ಮೂಲೆಪಟ್ಟಿ ಹೊಡೆದು, ಅದೇ ಅಳತೆಗೆ ಎರಡು ಮೋಟು ಗೂಟ ನೆಡಿ. ಗೂಟ ಬ್ಲಾಕಿನ ಮಟ್ಟಕ್ಕಿಂತ ಮೇಲೆ ಏಳಬಾರದು, ಎದ್ದರೆ ಪ್ರೆಸ್ಸಿನ ರೋಲರಿಗೆ ಪೆಟ್ಟು. ಕಾಗದದ ತೂತು ನಾಲ್ಕಾರು ಸಲಕ್ಕೆ ಹಿಗ್ಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಪಟ್ಟಿಗೆ ತೂತು ಮಾಡಿ ಕಾಗದಕ್ಕೆ ಟೇಪಿನಿಂದ ಅಂಟಿಸಿ. ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಒಂದೆರಡು ಪಿಕ್ಸೆಲ್ ತಪ್ಪನ್ನು ಮೂಲೆಯ ಕೂಡುಗುರುತುಗಳ ಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿ.

ಕಾಗದವನ್ನು ನೆನೆಸಿ ಮುದ್ರಿಸುವ ಅಭ್ಯಾಸವಿದ್ದರೆ ಈ ಕೆಲಸದಲ್ಲಿ ಬಿಟ್ಟುಬಿಡಿ. ಒದ್ದೆ ಕಾಗದ ಹಿಗ್ಗುತ್ತದೆ, ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ, ಒಣಗಿದಾಗ ಒಂದೊಂದು ಹಾಳೆ ಒಂದೊಂದು ಅಳತೆಗೆ ನಿಲ್ಲುತ್ತದೆ. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆಯಾಗಿ ಕುಗ್ಗಿದ ಚಿತ್ರವನ್ನು ಯಾವ ಗುರುತಿಟ್ಟರೂ ಕೂರಿಸಲಾಗದು. ಪ್ರೆಸ್ಸಿಗೆ ನಯವಾದ 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಕಾಗದ, ಕೈಯಿಂದ ಉಜ್ಜುವುದಾದರೆ 40 ಜಿಎಸ್‌ಎಂ ಆಸುಪಾಸಿನ ನಾರುಕಾಗದ, ಎರಡೂ ಒಣಗಿಯೇ ಇರಲಿ. ಎಲ್ಲ ಹಾಳೆಗಳನ್ನೂ ನಾರಿನ ಒಂದೇ ದಿಕ್ಕಿಗೆ ಕತ್ತರಿಸಿ.

ಇನ್ನು ಶಾಯಿ. ಇಲ್ಲಿ ಒಂದು ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ: ಸ್ಥಾನದ ಅಲುಗಾಟವನ್ನು ಪೂರ್ತಿ ಕೊಲ್ಲಿ, ಶಾಯಿಯ ಅಲುಗಾಟವನ್ನು ಪಳಗಿಸಿ, ಆದರೆ ಕೊಲ್ಲಬೇಡಿ. ಕಪ್ಪು ಸ್ವಲ್ಪ ಉಸಿರಾಡುವುದೇ ವುಡ್‌ಕಟ್ ಅನಿಮೇಷನ್ನಿನ ಜೀವ. ಅದನ್ನೂ ತೊಳೆದು ಹಾಕಿದರೆ ಕಂಪ್ಯೂಟರಿನಲ್ಲೇ ಬರೆದ ನಕಲಿಗೂ ಇದಕ್ಕೂ ಏನು ವ್ಯತ್ಯಾಸ? ಪಳಗಿಸುವುದು ಎಂದರೆ ಎಣಿಕೆ. ರೋಲರನ್ನು ಶಾಯಿಯ ಗಾಜಿನ ಮೇಲೆ ಉರುಳಿಸುವಾಗ ಸರ್ರ್ ಎಂಬ ನುಣ್ಣನೆಯ ಸದ್ದು ಬರಬೇಕು. ಅಂಟಂಟಾಗಿ ಕಿತ್ತ ಸದ್ದು ಬಂದರೆ ಶಾಯಿ ಹೆಚ್ಚಾಗಿದೆ. ಬ್ಲಾಕಿನ ಮೇಲೆ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಎಂದು ಒಂದು ಎಣಿಕೆ ಇಟ್ಟುಕೊಂಡು ಪ್ರತಿ ಪ್ರಿಂಟಿಗೂ ಅದನ್ನೇ ಪಾಲಿಸಿ, ಎರಡು ಸಲ ಶಾಯಿ ತುಂಬಿಕೊಂಡು. ಹೊಸ ಬ್ಲಾಕಿನ ಮೊದಲ ನಾಲ್ಕೈದು ಪ್ರಿಂಟುಗಳನ್ನು ಮರವೇ ಕುಡಿದುಬಿಡುತ್ತದೆ, ಅವು ಪೇಲವ ಬರುತ್ತವೆ. ಕೆತ್ತುವ ಮುಂಚೆ ಹಲಗೆಗೆ ತೆಳುವಾಗಿ ಶೆಲ್ಲಾಕ್ (ಅರಗಿನ ವಾರ್ನಿಷ್) ಬಳಿದು ಒಣಗಿಸಿದರೆ ಈ ನಷ್ಟ ತಪ್ಪುತ್ತದೆ. ಹದಿನೈದು ಇಪ್ಪತ್ತು ಪ್ರಿಂಟಾದ ಮೇಲೆ ಸಪೂರ ಗೆರೆಗಳೊಳಗೆ ಶಾಯಿ ತುಂಬಿಕೊಂಡು ಗೆರೆ ಮುಚ್ಚತೊಡಗುತ್ತದೆ. ಪರದೆಯಲ್ಲಿ ಇದು ಬೆಳಕು ನಿಧಾನಕ್ಕೆ ಆರಿದಂತೆ ಕಾಣುತ್ತದೆ, ಯಾಕೆ ಎಂದು ಹುಡುಕುತ್ತ ಕೂರುತ್ತೀರಿ. ಹತ್ತು ಪ್ರಿಂಟಿಗೊಮ್ಮೆ ಶಾಯಿ ಹಚ್ಚದೆ ಎರಡು ರದ್ದಿ ಕಾಗದಕ್ಕೆ ಒತ್ತಿ, ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗಳನ್ನು ಕೆದಕಿ. ಶಾಯಿ ತೆಳುವಾಗಿ ಸೋರುತ್ತಿದ್ದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆಸಿ ಗಟ್ಟಿ ಮಾಡಬಹುದು. ಹೊಳಪೂ ಇಳಿಯುತ್ತದೆ, ಸ್ಕ್ಯಾನಿಗೆ ಅದೂ ಅನುಕೂಲ.

ಎಣ್ಣೆಶಾಯಿ ಒಣಗಲು ಎರಡರಿಂದ ನಾಲ್ಕು ದಿನ ಬೇಕು. ಒಂದು ಶಾಟಿನ ಪ್ರಿಂಟುಗಳನ್ನೆಲ್ಲ ಒಟ್ಟಿಗೆ ಮುದ್ರಿಸಿ, ಒಟ್ಟಿಗೆ ಒಣಗಿಸಿ, ಒಂದೇ ದಿನ ಸ್ಕ್ಯಾನ್ ಮಾಡಿ. ಇವತ್ತಿನ ಪ್ರಿಂಟೂ ಹೋದ ವಾರದ ಪ್ರಿಂಟೂ ಅಕ್ಕಪಕ್ಕ ಬಂದರೆ ಹೊಳಪಿನ ವ್ಯತ್ಯಾಸವೇ ಮಿಣುಕಾಗುತ್ತದೆ. ಸ್ಕ್ಯಾನರಿನ ಸ್ವಯಂಚಾಲಿತ ಹೊಂದಾಣಿಕೆಗಳನ್ನೆಲ್ಲ ಆಫ್ ಮಾಡಿ: ಎಕ್ಸ್‌ಪೋಶರ್, ಶಾರ್ಪನಿಂಗ್, ಧೂಳು ತೆಗೆಯುವುದು, ಎಲ್ಲವನ್ನೂ. ಕಪ್ಪು ಹೆಚ್ಚಿರುವ ಚಿತ್ರವನ್ನು ಅದು ತಾನಾಗಿ ತಿಳಿಯಾಗಿಸುತ್ತದೆ, ಬಿಳಿ ಹೆಚ್ಚಿರುವುದನ್ನು ಕಪ್ಪಾಗಿಸುತ್ತದೆ. ನಿಮ್ಮ ಎಂಟು ಪ್ರಿಂಟುಗಳ ಮಿಣುಕಿಗೆ ಅರ್ಧ ಕಾರಣ ಇದೇ ಆಗಿದ್ದರೂ ಆಶ್ಚರ್ಯವಿಲ್ಲ. ಹಾಳೆಯ ಅಂಚಿನಲ್ಲಿ ಒಂದೇ ಬೂದುಬಣ್ಣದ ಪಟ್ಟಿಯನ್ನಿಟ್ಟು ಪ್ರತಿ ಸಲವೂ ಜೊತೆಗೆ ಸ್ಕ್ಯಾನ್ ಮಾಡಿ. ಆ ಪಟ್ಟಿಯ ಬೆಲೆ ಎಲ್ಲದರಲ್ಲೂ ಒಂದೇ ಇದ್ದರೆ ಯಂತ್ರ ಪ್ರಾಮಾಣಿಕವಾಗಿದೆ ಎಂದರ್ಥ. ಗ್ರೇಸ್ಕೇಲ್, ಟಿಫ್ ಕಡತ. ಚೌಕಗಳಿಗೆ 600 ಡಿಪಿಐ, ಪೂರ್ತಿ ಚೌಕಟ್ಟಿನ ಬ್ಲಾಕಿಗೆ 400 ಸಾಕು. ಲೆವೆಲ್ಸ್ (ಕಪ್ಪು-ಬಿಳಿಯ ಮಟ್ಟ, 0 ಅಚ್ಚ ಕಪ್ಪು, 255 ಅಚ್ಚ ಬಿಳಿ) ಹೊಂದಿಸುವಾಗ ಒಂದು ಚಿತ್ರಕ್ಕೆ ಹೊಂದಿಸಿದ್ದನ್ನೇ ಇಡೀ ಶಾಟಿಗೆ ಹಚ್ಚಿ. ಕಪ್ಪನ್ನು 0ಗೆ, ಬಿಳಿಯನ್ನು 255ಕ್ಕೆ ತಳ್ಳಬೇಡಿ. ಕಪ್ಪು 20ರ ಸುತ್ತ, ಕಾಗದ 235ರ ಸುತ್ತ ನಿಂತರೆ ಶಾಯಿಯ ಮೈ ಉಳಿಯುತ್ತದೆ.

ದೊಡ್ಡ ಕಪ್ಪಿನಲ್ಲಿ ಉಪ್ಪು ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು ಉಳಿಯುತ್ತವಲ್ಲ, ಪ್ರಿಂಟಿನಲ್ಲಿ ಅವು ಚೆಂದ. ಚಲನಚಿತ್ರದಲ್ಲಿ ಮಾತ್ರ ಕೈಕೊಡುತ್ತವೆ. ಹಿನ್ನೆಲೆಯ ಒಂದೇ ಪ್ರಿಂಟನ್ನು ನಾಲ್ಕು ಸೆಕೆಂಡು ನಿಲ್ಲಿಸಿ ಅದರ ಮುಂದೆ ಅಂಬಿಗನನ್ನು ಓಡಿಸಿದರೆ ಆ ಚುಕ್ಕೆಗಳು ಕೊಳೆಯಾದ ಕಿಟಕಿ ಗಾಜಿನ ಕಲೆಗಳಂತೆ ಕಾಣುತ್ತವೆ. ಅದಕ್ಕೇ ಪ್ರತಿ ಹಿನ್ನೆಲೆಗೂ ಮೂರು ಪ್ರಿಂಟ್. ಅವನ್ನು 1-2-3, 1-2-3 ಎಂದು ಓಡಿಸಿದರೆ ತಾಳ ಗೊತ್ತಾಗಿಬಿಡುತ್ತದೆ. 1-3-2-3-1-2 ಎಂಬಂತೆ ಕಲಸಿ, ಒಂದೊಂದನ್ನು ನಾಲ್ಕು ಫ್ರೇಮ್ ನಿಲ್ಲಿಸಿ. ಎಲ್ಲವನ್ನೂ ಹೀಗೆ ಕುದಿಸುವುದೂ, ಅಂದರೆ ನಿಂತ ಚಿತ್ರವನ್ನೂ ಪ್ರಿಂಟ್ ಬದಲಿಸುತ್ತ ಸದಾ ಮಿಸುಕಾಡಿಸುವುದೂ, ಸರಿಯಲ್ಲ. ಕಥೆಯಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆ ಬಂದಾಗ ಕುದಿತವನ್ನು ಥಟ್ಟನೆ ನಿಲ್ಲಿಸಿ ನೋಡಿ, ಸದ್ದು ಕಡಿದಂತಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ದೋಷ ತಿದ್ದುವ ಮಾತಾಯಿತು. ವುಡ್‌ಕಟ್ಟಿಗೆ ಮಾತ್ರ ಸಾಧ್ಯವಾಗುವ ಅನಿಮೇಷನ್ ಒಂದಿದೆ, ಅದನ್ನು ನೀವು ಇನ್ನೂ ಮುಟ್ಟಿಲ್ಲ. ಒಂದೇ ಬ್ಲಾಕನ್ನು ಸ್ವಲ್ಪ ಕೆತ್ತಿ ಒಂದು ಪ್ರಿಂಟ್, ಇನ್ನಷ್ಟು ಕೆತ್ತಿ ಇನ್ನೊಂದು ಪ್ರಿಂಟ್, ಹೀಗೇ ಮುಂದುವರಿಸುವುದು. ಉಳಿ ತೆಗೆಯಬಲ್ಲದೇ ಹೊರತು ಮರಳಿ ಇಡಲಾರದು. ಹಾಗಾಗಿ ಈ ಬಗೆಯ ಶಾಟಿನಲ್ಲಿ ಬಿಳಿ ಬೆಳೆಯುತ್ತಲೇ ಹೋಗುತ್ತದೆ, ಕಪ್ಪು ಕರಗುತ್ತಲೇ ಹೋಗುತ್ತದೆ. ಲಾಟೀನು ಹೊತ್ತಿ ಬೆಳಕು ದೋಣಿಯಿಡೀ ಹಬ್ಬುವುದು, ಮಿಂಚು ಆಕಾಶ ಸೀಳುವುದು, ಬೆಳಗಾಗುವುದು, ಮಳೆ ಶುರುವಾಗುವುದು, ಇವೆಲ್ಲ ಮರ ತಾನೇ ಆಡುವ ಮಾತುಗಳು. ನಿಮ್ಮ ಕಥೆ ರಾತ್ರಿಯಲ್ಲಿ ನಡೆಯುತ್ತದೆ ಎಂಬುದೇ ನಿಮ್ಮ ಅದೃಷ್ಟ.

ಲಾಟೀನಿನ ಶಾಟ್ ಹೀಗಿರಲಿ. ಕೆತ್ತದ ಹಲಗೆಯಿಂದ ಮೊದಲ ಪ್ರಿಂಟ್, ಪೂರ್ತಿ ಕಪ್ಪು. ಬತ್ತಿಯ ಜಾಗದಲ್ಲಿ ಒಂದು ಮಿ.ಮೀ. ವಿ ಉಳಿಯಿಂದ ಒಂದೇ ಚುಕ್ಕೆ; ಎರಡನೆಯ ಪ್ರಿಂಟ್. ಮುಂದಿನ ಐದಾರು ಪ್ರಿಂಟುಗಳವರೆಗೆ ಒಂದೊಂದರಲ್ಲಿ ಮೂರು ನಾಲ್ಕೇ ಗೆರೆ, ಬತ್ತಿಯಿಂದ ಹೊರಕ್ಕೆ. ಆಮೇಲೆ ಹೆಜ್ಜೆಗೆ ಹತ್ತು, ಇಪ್ಪತ್ತು ಗೆರೆ. ಬೆಳಕು ಅಂಬಿಗನ ಗಲ್ಲ ಮುಟ್ಟುತ್ತದೆ, ಮೂಗಿನ ಅಂಚು, ಆಮೇಲೆ ಬೆರಳು. 24 ಪ್ರಿಂಟನ್ನು ಮೂರು ಮೂರು ಫ್ರೇಮ್ ನಿಲ್ಲಿಸಿದರೆ 72 ಫ್ರೇಮ್, ಮೂರು ಸೆಕೆಂಡು. ಯಾವ ಹೆಜ್ಜೆಗೆ ಎಷ್ಟು ಕೆತ್ತಬೇಕು ಎನ್ನುವುದನ್ನು ಹಲಗೆಯ ಮೇಲೆ ಬೇರೆ ಬೇರೆ ಬಣ್ಣದ ಪೆನ್ನಿನಿಂದ ಮೊದಲೇ ಗುರುತಿಸಿಕೊಳ್ಳಿ. ಇಲ್ಲದಿದ್ದರೆ ಹತ್ತನೆಯ ಪ್ರಿಂಟಿಗೇ ಕೆತ್ತಲು ಮರ ಉಳಿದಿರುವುದಿಲ್ಲ. ಪ್ರತಿ ಸಲ ಪ್ರಿಂಟಾದ ಮೇಲೆ ಒಂದೆರಡು ರದ್ದಿ ಹಾಳೆಗೆ ಶಾಯಿ ಒತ್ತಿ ತೆಗೆದು, ಆ ಕಪ್ಪಿನ ಮೇಲೇ ಕೆತ್ತಿ. ತೊಳೆಯುವ ಅಗತ್ಯವಿಲ್ಲ, ಕಪ್ಪು ಮೈಮೇಲೆ ಹೊಸ ಗೆರೆ ಮರದ ಬಣ್ಣದಲ್ಲಿ ಎದ್ದು ಕಾಣುತ್ತದೆ, ಮುಂದಿನ ಪ್ರಿಂಟ್ ಹೇಗೆ ಬರುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ನೀರುಶಾಯಿ ಇಲ್ಲಿ ಬೇಡ. 24 ಸಲ ಒದ್ದೆಯಾದ ಮರ ಉಬ್ಬಿ ಗೆರೆಯ ಅಂಚು ಮೆತ್ತಗಾಗುತ್ತದೆ. ಮರದ ಚೂರು ರೋಲರಿಗೆ ಅಂಟಿದರೆ ಮುಂದಿನ ಪ್ರಿಂಟಿನ ನಡುವೆ ಬಿಳಿ ಚಂದ್ರ ಹುಟ್ಟುತ್ತದೆ, ಆದ್ದರಿಂದ ಶಾಯಿ ಹಚ್ಚುವ ಮುಂಚೆ ಪ್ರತಿ ಸಲವೂ ಬ್ರಷ್ ಆಡಿಸಿ.

ಕತ್ತಲು ಕವಿಯಬೇಕೆ? ಕೆತ್ತುವುದು ಹೀಗೆಯೇ, ಪ್ರಿಂಟುಗಳನ್ನು ಹಿಂದುಮುಂದಾಗಿ ಓಡಿಸಿ. ಆದರೆ ಆ ಶಾಟಿನಲ್ಲಿ ಬೇರೆ ಏನಾದರೂ ಚಲಿಸುತ್ತಿದ್ದರೆ, ಹೊಗೆಯೋ ಮಳೆಯೋ, ಅದನ್ನೂ ತಿರುಗುಮುರುಗಾಗಿ ಯೋಚಿಸಿ ಕೆತ್ತಿರಬೇಕು. ತಪ್ಪಿ ಕೆತ್ತಿದ್ದಕ್ಕೆ ಮರದ ಪುಟ್ಟಿ ತುಂಬಿ ಮೇಲೆ ಕೆತ್ತಿದರೆ ಪುಟ್ಟಿಯ ಅಂಚು ಉದುರುತ್ತದೆ. ಹಳೆಯ ಕೆತ್ತನೆಗಾರರು ಮಾಡುತ್ತಿದ್ದಂತೆ ಆ ಜಾಗವನ್ನು ಕೊರೆದು, ಅದೇ ಮರದ ಬಿರಡೆ ಬಿಗಿಯಾಗಿ ಹೊಡೆದು ಸಮ ಮಾಡುವುದೊಂದೇ ದಾರಿ. ಅದೂ ಸಣ್ಣ ತಪ್ಪಿಗೆ ಮಾತ್ರ.

ಪ್ರಿಂಟ್ ಕನ್ನಡಿಯಂತೆ ಎಡಬಲ ಅದಲುಬದಲಾಗಿ ಬರುವುದು ನಿಮಗೆ ಗೊತ್ತೇ ಇದೆ. ಸಿನಿಮಾದಲ್ಲಿ ಅದರ ಪೆಟ್ಟು ಬೇರೆ ಕಡೆ ಬೀಳುತ್ತದೆ. ಒಂದು ಶಾಟಿನಲ್ಲಿ ದೋಣಿ ಎಡದಿಂದ ಬಲಕ್ಕೆ, ಮುಂದಿನದರಲ್ಲಿ ಬಲದಿಂದ ಎಡಕ್ಕೆ ಹೋದರೆ ಅಂಬಿಗ ದಾರಿ ತಪ್ಪಿ ವಾಪಸು ಹೊರಟನೆಂದೇ ಅರ್ಥ. ಸ್ಟೋರಿಬೋರ್ಡನ್ನೇ ಕನ್ನಡಿಯಲ್ಲಿ ಹಿಡಿದು ಕೆತ್ತಿ, ಅಥವಾ ಕೊನೆಯಲ್ಲಿ ಇಡೀ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಗುಚಿ. ಅರ್ಧ ಹಾಗೆ ಅರ್ಧ ಹೀಗೆ ಆಗಬಾರದು ಅಷ್ಟೇ.

ಗೆರೆಯ ಸಪೂರಕ್ಕೂ ಒಂದು ಮಿತಿ ಇದೆ. ಮಿ.ಮೀ.ಗೆ ಏಳು ಪಿಕ್ಸೆಲ್ ಎಂದೆವಲ್ಲ, 0.3 ಮಿ.ಮೀ. ಗೆರೆಗೆ ಎರಡೇ ಪಿಕ್ಸೆಲ್ ಸಿಕ್ಕಿತು. ಅದಕ್ಕಿಂತ ಸಪೂರ ಗೆರೆಗಳನ್ನು ಒತ್ತಾಗಿ ಇಟ್ಟರೆ ಪರದೆಯಲ್ಲಿ ಅವು ಗೆರೆಯಾಗಿ ಉಳಿಯದೆ ರೇಷ್ಮೆ ಸೀರೆಯಂತೆ ಥಳಥಳಿಸುತ್ತವೆ. 0.4 ಮಿ.ಮೀ.ಗಿಂತ ಕೆಳಗೆ ಇಳಿಯಬೇಡಿ. ಈಗಾಗಲೇ ಮಾಡಿರುವ 12 ಪ್ರಿಂಟುಗಳಲ್ಲಿ ಇದಕ್ಕಿಂತ ನವಿರಾದ ಕೆಲಸವಿದ್ದರೆ ಅವನ್ನು ಹಾಗೇ ಬಳಸುವ ಆಸೆ ಬಿಡಿ. ಸಮಾಂತರ ಗೆರೆಗಳ ಮೇಲೆ ಕ್ಯಾಮೆರಾ ಅಡ್ಡಕ್ಕೆ ಓಡಿಸುವುದೂ ಅಪಾಯ. ಒಂದು ವಸ್ತು ಪರದೆಯ ಒಂದಂಚಿನಿಂದ ಇನ್ನೊಂದಂಚಿಗೆ ಹೋಗಲು ಕನಿಷ್ಠ ಏಳು ಸೆಕೆಂಡು ಹಿಡಿಯಬೇಕೆಂದು ಛಾಯಾಗ್ರಾಹಕರು ಲೆಕ್ಕ ಇಟ್ಟುಕೊಳ್ಳುತ್ತಾರೆ. ವುಡ್‌ಕಟ್ಟಿಗೆ ಹತ್ತಕ್ಕೂ ಮೇಲೆ ಕೊಡಿ, ಇಲ್ಲವೇ ಓಡಿಸುವುದನ್ನೇ ಬಿಟ್ಟು ಶಾಟ್ ಕತ್ತರಿಸಿ.

ಎಲ್ಲವೂ ಉಳಿಯಷ್ಟೇ ಹರಿತವಾಗಿರಬೇಕೆಂಬ ಹಟವೂ ಬೇಡ. ಬೆಲ್ಜಿಯಂನ ಫ್ರಾನ್ಸ್ ಮಾಸರೀಲ್ 1920ರಲ್ಲಿ ಮಾತಿಲ್ಲದ ವುಡ್‌ಕಟ್ ಕಥೆಯೊಂದನ್ನು ಪ್ರಕಟಿಸಿದ್ದರು. ಅದನ್ನು ಬೆರ್ಥೋಲ್ಡ್ ಬಾರ್ತೋಷ್ 1932ರಲ್ಲಿ ಅನಿಮೇಷನ್ನಿಗೆ ತಂದಾಗ ರಟ್ಟಿನ ಆಕೃತಿಗಳನ್ನು ಗಾಜಿನ ಹಲವು ಪದರಗಳ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಗಾಜಿಗೆ ಸಾಬೂನು ಬಳಿದು ಮಂಜು ತಂದರು. ಆಕೃತಿಗೆ ಮರದ ಬಿರುಸು, ವಾತಾವರಣಕ್ಕೆ ಬೇರೆಯದೇ ಮೃದು. ನೀವು ಅದನ್ನು ಮುದ್ರಣದೊಳಗೇ ಮಾಡಬಹುದು. ಆಕಾಶಕ್ಕೆ ಮೆದು ಮರದ ಹಲಗೆಯೊಂದನ್ನು ತಂತಿ ಬ್ರಷ್ಷಿನಿಂದ ನಾರಿನ ಗುಂಟ ಉಜ್ಜಿ. ಮೆದು ಭಾಗ ಸವೆದು ಗಟ್ಟಿ ನಾರು ಎದ್ದು ನಿಲ್ಲುತ್ತದೆ. ತೆಳು ಶಾಯಿ ಹಚ್ಚಿದರೆ ಉಳಿ ಮುಟ್ಟದ ಮೋಡ ಸಿಗುತ್ತದೆ. ಆಕೃತಿಗಳಿಗೆ ಮಾತ್ರ ನಾರು ಕಾಣದ ಲಿಂಡೆನ್ ಪ್ಲೈ ಒಳ್ಳೆಯದು. ಎಂಡಿಎಫ್ ಸಪೂರ ಗೆರೆಯಲ್ಲಿ ಪುಡಿಯಾಗುತ್ತದೆ, ಅದರ ಧೂಳಿಗೆ ಮುಖಗವಸೂ ಬೇಕು.

ಈಗ ಮೊದಲು ಹೇಳಿದ ಲೆಕ್ಕ. ಹಿನ್ನೆಲೆಗೆ 9 ಬ್ಲಾಕ್, ಮೂರು ಮೂರು ಪ್ರಿಂಟಿನಂತೆ 27. ಹುಟ್ಟು ಹಾಕುವುದಕ್ಕೆ 2 ಹಲಗೆ, 6 ಪ್ರಿಂಟ್. ಅಂಬಿಗನ ಉಳಿದ ಭಂಗಿಗಳು, ತಿರುಗಿ ನೋಡುವುದು, ಹಗ್ಗ ಬಿಚ್ಚುವುದು, ಎದ್ದು ನಿಲ್ಲುವುದು, ಒಟ್ಟು 40ರಷ್ಟಿದ್ದರೆ 7 ಹಲಗೆ, ಎರಡೆರಡು ಪ್ರಿಂಟಿನಂತೆ 14. ನೀರಿಗೆ 6 ಬ್ಲಾಕ್, 6 ಪ್ರಿಂಟ್. ನೀರಿನಲ್ಲಿ ಹರಿವು ತೋರಿಸಲು ಹೋಗಬೇಡಿ, ಮಿನುಗು ಸಾಕು. ಹರಿವಿಗೆ ಕ್ರಮ ತಪ್ಪುವಂತಿಲ್ಲ, ಮಿನುಗನ್ನಾದರೆ ಆರನ್ನು ಹೇಗೆ ಬೇಕಾದರೂ ಕಲಸಿ ಎಷ್ಟು ಹೊತ್ತು ಬೇಕಾದರೂ ಓಡಿಸಬಹುದು. ಕೆತ್ತುತ್ತ ಹೋಗುವ ಶಾಟ್ ಮೂರು, 3 ಬ್ಲಾಕ್, ಸುಮಾರು 75 ಪ್ರಿಂಟ್. ಒಟ್ಟು 27 ಬ್ಲಾಕ್, 128 ಪ್ರಿಂಟ್.

ಉಳಿ ಹಿಡಿಯುವ ಮುಂಚೆ ಮಾತ್ರ ಈಗಿರುವ 12 ಪ್ರಿಂಟುಗಳನ್ನೂ ಪೆನ್ಸಿಲ್ ಚಿತ್ರಗಳನ್ನೂ ಸದ್ದಿನ ಜೊತೆ ಜೋಡಿಸಿ ಮೂರು ನಿಮಿಷದ ಕಚ್ಚಾ ಓಟವೊಂದನ್ನು ಮಾಡಿ. ನೋಡಿದರೆ ಅದರಲ್ಲಿ ಮೂರನೇ ಒಂದು ಭಾಗ ಬೇಡವೆನಿಸುವುದು ಸಾಮಾನ್ಯ, ಅಷ್ಟು ಕೆತ್ತನೆ ಉಳಿಯಿತು. ಸಾಫ್ಟ್‌ವೇರ್ ಯಾವುದಾದರೂ ಆದೀತು. ಉಚಿತವಾಗಿ ಸಿಗುವ ಕ್ರಿಟಾ, ಬ್ಲೆಂಡರ್ ಎರಡೇ ಈ ಕೆಲಸಕ್ಕೆ ಸಾಲುತ್ತವೆ. ಮುಗಿದ ಚಿತ್ರವನ್ನು ಕಡಿಮೆ ಬಿಟ್‌ರೇಟಿನಲ್ಲಿ ಹೊರತೆಗೆದರೆ ಕುದಿಯುವ ಕಪ್ಪೆಲ್ಲ ಕೆಸರಾಗುತ್ತದೆ, 1080ಕ್ಕೆ ಸೆಕೆಂಡಿಗೆ 20 ಮೆಗಾಬಿಟ್ಟಿಗಿಂತ (ಎಂಬಿಪಿಎಸ್) ಕೆಳಗೆ ಇಳಿಯಬೇಡಿ. ಕೆತ್ತುತ್ತ ಹೋಗುವ ಮೂರು ಬ್ಲಾಕುಗಳಲ್ಲಿ ಮಾತ್ರ ಒಂದು ಎಚ್ಚರ: ಪ್ರತಿ ಹೆಜ್ಜೆಗೂ ಒಂದಲ್ಲ, ಎರಡು ಪ್ರಿಂಟ್ ತೆಗೆದು (ಎರಡನೆಯದು ಮೀಸಲು, ಮೇಲಿನ ಲೆಕ್ಕಕ್ಕೆ ಸೇರಿಲ್ಲ) ಎರಡನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಂದಿನ ಗೆರೆಗೆ ಉಳಿ ಹಚ್ಚಿ. ಹದಿನಾಲ್ಕನೆಯ ಪ್ರಿಂಟ್ ಮಸುಕಾಗಿತ್ತೆಂದು ಹದಿನಾರನೆಯದರಲ್ಲಿ ಗೊತ್ತಾದರೆ, ಹದಿನಾಲ್ಕನೆಯದನ್ನು ತೆಗೆಯಲು ಆ ಬ್ಲಾಕ್ ಇನ್ನು ಇರುವುದಿಲ್ಲ.